ಡ್ಯಾಶ್‌ಬೋರ್ಡಿಗೆ ಕೈ ಹಚ್ಚಬಾರದೇ?

ಕಾರಿನ ಡ್ಯಾಶ್‌ಬೋರ್ಡನ್ನು ಒಮ್ಮೆ ಬಿಚ್ಚಿದರೆ ಮುಗಿಯಿತು, ಮತ್ತೆ ಅದು ಮೊದಲಿನಂತೆ ಕೂರುವುದಿಲ್ಲ, ಕಾರು ಇರುವಷ್ಟು ದಿನ ಲೊಡಲೊಡ ಅನ್ನುತ್ತಲೇ ಇರುತ್ತದೆ. ಕಾರು ಕೊಂಡವರಲ್ಲಿ ಈ ಮಾತು ಕೇಳದವರು ಕಡಿಮೆ. ಅದರ ಬೆನ್ನಿಗೇ ಇನ್ನೆರಡು ಮಾತು ಬರುತ್ತವೆ: ವಾರಂಟಿ ಹೋಗುತ್ತದೆ, ಏರ್‌ಬ್ಯಾಗ್ ಮುಖಕ್ಕೆ ಸಿಡಿಯುತ್ತದೆ. ಮೂರೂ ಸೇರಿ ಒಂದು ತೀರ್ಪು ಹುಟ್ಟಿದೆ. ಸ್ಟಿರಿಯೊ ಬದಲಿಸುವುದಿರಲಿ, ಹಜಾರ್ಡ್ ಲೈಟಿನ ಸ್ವಿಚ್ ಕೆಟ್ಟಿರಲಿ, ಎಸಿ ಗಾಳಿಯ ಕಿಂಡಿ ಮುರಿದಿರಲಿ, ಪ್ಯಾನೆಲ್ ತೆಗೆಯುವುದು ಮನೆಯಲ್ಲಿ ಮಾಡುವ ಕೆಲಸವಲ್ಲ ಎಂಬುದೇ ಆ ತೀರ್ಪು.

ಇದನ್ನು ನಾನು ಒಪ್ಪುವುದಿಲ್ಲ. ಮೂರು ಮಾತಿನಲ್ಲೂ ಒಂದೊಂದು ಚೂರು ನಿಜವಿದೆ. ಆ ಚೂರನ್ನು ಹಿಗ್ಗಿಸಿ ಇಡೀ ಡ್ಯಾಶ್‌ಬೋರ್ಡಿಗೆ ಬಳಿದಿರುವುದರಿಂದ, ನಿಜವಾಗಿ ಎಲ್ಲಿ ಹೆದರಬೇಕೋ ಆ ಜಾಗವೇ ನಮಗೆ ಕಾಣದಂತಾಗಿದೆ. ಹೆದರಬೇಕಿಲ್ಲದ ಕಡೆ ಕೈ ಹಿಂದೆಗೆಯುತ್ತೇವೆ. ಹೆದರಲೇಬೇಕಾದ ಕಡೆ ಯೋಚನೆಯಿಲ್ಲದೆ ಕೈ ಹಾಕುತ್ತೇವೆ.

ಮೊದಲು ಕಾರಿನ ಜೊತೆ ಕಂಪನಿಯೇ ಕೊಡುವ ಪುಸ್ತಕ ತೆರೆದು ನೋಡಿ. ಎಸಿಯ ಗಾಳಿ ಸೋಸುವ ಕ್ಯಾಬಿನ್ ಫಿಲ್ಟರ್ ಎಷ್ಟೋ ಕಾರುಗಳಲ್ಲಿ ಗ್ಲೋವ್ ಬಾಕ್ಸಿನ ಹಿಂದೆ ಇರುತ್ತದೆ. ಅಂಥ ಅನೇಕ ಕಾರುಗಳ ಪುಸ್ತಕದಲ್ಲಿ, ಬಾಕ್ಸಿನ ಎರಡೂ ಪಕ್ಕೆಗಳನ್ನು ಒಳಕ್ಕೆ ಒತ್ತಿ, ತಡೆಗೂಟ ದಾಟಿಸಿ, ಪೂರ್ತಿ ಕೆಳಕ್ಕೆ ಇಳಿಬಿಡಿ ಎಂದು ಚಿತ್ರಸಮೇತ ಬರೆದಿರುತ್ತದೆ. ಫ್ಯೂಸ್ ಸುಟ್ಟರೆ ಸ್ಟೇರಿಂಗ್ ಕೆಳಗಿನ ಮುಚ್ಚಳವನ್ನು ಎಳೆದು ತೆಗೆಯಿರಿ ಎಂದೂ ಇರುತ್ತದೆ. ಡ್ಯಾಶ್‌ಬೋರ್ಡಿನ ಎರಡು ಭಾಗಗಳನ್ನು ಕಳಚುವುದನ್ನು ಹೀಗೆ ಕಂಪನಿಯೇ ಮಾಲೀಕನಿಗೆ ಹೇಳಿಕೊಡುತ್ತದೆ. ಸ್ಟಿರಿಯೊ ಕೂರುವ ಕಿಂಡಿಯ ಕಥೆ ಇನ್ನೂ ಸ್ಪಷ್ಟ. 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರದ ಅಳತೆ ಜರ್ಮನಿಯ ಡಿನ್ ಸಂಸ್ಥೆಯ ಮಾನಕವಾಗಿ ಹುಟ್ಟಿ, ಆಮೇಲೆ ಐಎಸ್ಒ 7736 ಎಂಬ ಅಂತರರಾಷ್ಟ್ರೀಯ ಮಾನಕವಾಯಿತು. ಅಂಗಡಿಯಲ್ಲಿ 'ಡಬಲ್ ಡಿನ್' ಎಂದು ಕೇಳುತ್ತೇವಲ್ಲ, ಅದು ಇದರ ಇಮ್ಮಡಿ ಎತ್ತರ. ಯಾವ ಕಂಪನಿಯ ಕಾರಿಗಾದರೂ ಯಾವ ಕಂಪನಿಯ ಸ್ಟಿರಿಯೊ ಆದರೂ ಹೊಂದಬೇಕು ಎಂಬುದಕ್ಕಾಗಿಯೇ ಇಂಥ ಅಳತೆ ಬೇಕಾಯಿತು. ತೆಗೆದು ಹಾಕಲೆಂದೇ ಅಳತೆ ಗೊತ್ತುಮಾಡಿದ ಜಾಗವನ್ನು ಮುಟ್ಟಬಾರದ ಜಾಗ ಎಂದು ನಾವು ನಂಬಿಕೊಂಡಿದ್ದೇವೆ. ಈಚಿನ ಕಾರುಗಳಲ್ಲಿ ಸ್ಕ್ರೀನನ್ನು ಡ್ಯಾಶ್‌ಬೋರ್ಡಿನ ಆಕಾರಕ್ಕೇ ಬೆಸೆದು ಈ ಮಾನಕವನ್ನು ಕೈಬಿಡಲಾಗುತ್ತಿದೆ. ಇದು ನನ್ನ ಮಟ್ಟಿಗೆ ದೊಡ್ಡ ನಷ್ಟ. ಅದರ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ಡ್ಯಾಶ್‌ಬೋರ್ಡ್ ಒಂದೇ ತುಂಡಿನ ವಸ್ತುವೂ ಅಲ್ಲ. ಒಳಗೆ ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಅಡ್ಡಕ್ಕೆ ಒಂದು ಗಟ್ಟಿ ಲೋಹದ ದೂಲವಿರುತ್ತದೆ. ಹೆಚ್ಚಿನ ಕಾರುಗಳಲ್ಲಿ ಅದು ಉಕ್ಕಿನದು. ಸ್ಟೇರಿಂಗ್ ಕಂಬ ಆತುಕೊಳ್ಳುವುದು ಅದಕ್ಕೇ. ಅದರ ಮೇಲೆ ದೊಡ್ಡ ಪ್ಲಾಸ್ಟಿಕ್ ಒಡಲು. ಆ ಒಡಲಿನ ಮೇಲೆ ನಮ್ಮ ಕಣ್ಣಿಗೆ ಬೀಳುವ ಪ್ಯಾನೆಲ್ಲುಗಳು: ಸ್ಟಿರಿಯೊ ಸುತ್ತಲಿನ ಚೌಕಟ್ಟು, ಮೀಟರಿನ ಸುತ್ತಲಿನ ಕಮಾನು, ಗಾಳಿಕಿಂಡಿಗಳು, ಮೊಣಕಾಲಿನ ಎದುರಿನ ಹಲಗೆ, ಬಾಗಿಲು ತೆರೆದರಷ್ಟೇ ಕಾಣುವ ಪಕ್ಕದ ಮುಚ್ಚಳ. ಹಳೆಯ ಕಾರುಗಳಲ್ಲಿ ಅನೇಕ ಸ್ಕ್ರೂಗಳು ಎದುರಿಗೇ ಕಾಣುತ್ತಿದ್ದವು. ಈಗ ಅಂದಕ್ಕಾಗಿ ಅವನ್ನು ಮುಚ್ಚಿ, ಉಳಿದ ಕಡೆ ಸ್ಪ್ರಿಂಗಿನಂತೆ ಕಚ್ಚಿಕೊಳ್ಳುವ ಕ್ಲಿಪ್ಪು ಹಾಕುತ್ತಾರೆ. ಕಾರ್ಖಾನೆಯಲ್ಲಿ ಒಬ್ಬ ಕೆಲಸಗಾರ ಕ್ಷಣದಲ್ಲಿ ಒತ್ತಿ ಕೂರಿಸಲು ಇದು ಅನುಕೂಲ. ಒತ್ತಿದ್ದನ್ನು ಎಳೆದು ತೆಗೆಯಬಹುದೆಂಬ ಲೆಕ್ಕವೂ ಅದರಲ್ಲೇ ಇದೆ. ಒಳಗಿನ ಬಲ್ಬು, ಬ್ಲೋವರ್, ಸ್ವಿಚ್ಚು ಕೆಟ್ಟಾಗ ಕಂಪನಿಯ ಮೆಕ್ಯಾನಿಕ್ಕೇ ಅದನ್ನು ಬಿಚ್ಚಬೇಕಲ್ಲವೇ?

ಬಿಚ್ಚುವುದಕ್ಕೆ ಬೇಕಾದದ್ದು ಬಲಕ್ಕಿಂತ ಕ್ರಮ. ಮಂಗಳೂರು ಹಂಚಿನ ಮಾಡಿನಲ್ಲಿ ನಡುವಿನ ಒಂದು ಹಂಚನ್ನು ತೆಗೆಯಬೇಕಾದರೆ ಅದರ ಮೇಲೆ ಹೊದ್ದಿರುವ ಹಂಚನ್ನು ಮೊದಲು ಎತ್ತಬೇಕು. ಪ್ಯಾನೆಲ್ಲುಗಳೂ ಹಾಗೆಯೇ ಒಂದರ ಅಂಚಿನ ಮೇಲೊಂದು ಹೊದ್ದಿರುತ್ತವೆ. ಕೊನೆಗೆ ಕೂರಿಸಿದ್ದು ಮೊದಲು ಬರಬೇಕು. ಪಕ್ಕದ ಮುಚ್ಚಳ ತೆಗೆದರೆ ಅದರ ಹಿಂದೆ ಒಂದು ಸ್ಕ್ರೂ ಇರುತ್ತದೆ. ಅದನ್ನು ಬಿಡಿಸಿದರೆ ಮೊಣಕಾಲಿನ ಹಲಗೆ ಸಡಿಲವಾಗುತ್ತದೆ. ಅದು ಬಂದ ಮೇಲೆ ಮೀಟರ್ ಕಮಾನಿನ ಕೆಳಗಿನ ಸ್ಕ್ರೂಗಳು ಕಾಣುತ್ತವೆ. ಈ ಸರಪಳಿ ಗೊತ್ತಿಲ್ಲದವನು ನಡುವೆ ಎಲ್ಲೋ ಹಿಡಿದು ಜಗ್ಗುತ್ತಾನೆ. ಹಿಂದೆ ಅಡಗಿದ ಒಂದೇ ಸ್ಕ್ರೂ ಪ್ಯಾನೆಲ್ಲನ್ನು ಹಿಡಿದುಕೊಂಡಿರುತ್ತದೆ, ಪ್ಲಾಸ್ಟಿಕ್ಕು ಅದರ ಬುಡದಲ್ಲಿ ಸೀಳುತ್ತದೆ. ಮುರಿದ ಡ್ಯಾಶ್‌ಬೋರ್ಡುಗಳಲ್ಲಿ ಹೆಚ್ಚಿನವು ಮುರಿದಿರುವುದು ಹೀಗೆ ಎಂಬುದು ನನ್ನ ಎಣಿಕೆ. ಪ್ಯಾನೆಲ್ ಒಂದು ಕಡೆ ಬಿಡದೆ ಮೊಂಡುಹಿಡಿದರೆ ಕೈ ನಿಲ್ಲಿಸಿ ಸ್ಕ್ರೂ ಹುಡುಕಬೇಕು. ಈ ಒಂದು ಶಿಸ್ತಿಗೆ ಮೆಕ್ಯಾನಿಕಲ್ ಡಿಪ್ಲೊಮಾ ಬೇಕಿಲ್ಲ.

ಈಗ ಲೊಡಲೊಡದ ಮಾತಿಗೆ ಬರೋಣ. ನಮ್ಮ ಇಡೀ ನಂಬಿಕೆ ನಿಂತಿರುವುದು ಇದರ ಮೇಲೆ, ಹಾಗಾಗಿ ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ.

ಬಿಚ್ಚಿ ಹಾಕಿದ ಡ್ಯಾಶ್‌ಬೋರ್ಡ್ ಸದ್ದು ಮಾಡುವುದು ನಿಜ, ಆದರೆ ಬಿಚ್ಚಿದ್ದಕ್ಕೆ ಅಲ್ಲ, ಅರೆಬರೆ ಜೋಡಿಸಿದ್ದಕ್ಕೆ. ಪ್ಯಾನೆಲ್ಲಿನ ಹಿಂದಿರುವ ಪ್ಲಾಸ್ಟಿಕ್ ನಾಲಿಗೆಗೆ ಒಂದು ಸಣ್ಣ ಉಕ್ಕಿನ ಕ್ಲಿಪ್ಪು ಸಿಕ್ಕಿಸಿರುತ್ತಾರೆ. ಪ್ಯಾನೆಲ್ ಎಳೆದಾಗ ಕೆಲವು ಕ್ಲಿಪ್ಪುಗಳು ಅದರ ಜೊತೆ ಬರುತ್ತವೆ, ಕೆಲವು ಒಡಲಿನ ತೂತಿನಲ್ಲೇ ಕಚ್ಚಿಕೊಂಡು ಉಳಿಯುತ್ತವೆ. ಅವಸರದವರು ಇದನ್ನು ನೋಡುವುದಿಲ್ಲ. ಪ್ಯಾನೆಲ್ಲನ್ನು ಹಾಗೇ ಒತ್ತಿಬಿಡುತ್ತಾರೆ. ತೂತಿನಲ್ಲಿ ಉಳಿದ ಕ್ಲಿಪ್ಪಿಗೆ ನಾಲಿಗೆ ಸರಿಯಾಗಿ ಹೊಗುವುದಿಲ್ಲ, ಹೊರಗಿನಿಂದ ನೋಡಿದರೆ ಎಲ್ಲವೂ ಕೂತಂತೆ ಕಾಣುತ್ತದೆ, ಮೊದಲ ಹಂಪ್ ಹಾರಿದಾಗ ಕಟಕಟ ಶುರುವಾಗುತ್ತದೆ. ಮಾಡಬೇಕಾದದ್ದು ಇಷ್ಟೇ: ಪ್ಯಾನೆಲ್ ಕೈಗೆ ಬಂದ ಕೂಡಲೆ ಅದನ್ನು ತಿರುಗಿಸಿ ಕ್ಲಿಪ್ಪು ಎಣಿಸಬೇಕು, ಕಡಿಮೆಯಿದ್ದರೆ ತೂತುಗಳನ್ನು ನೋಡಿ ಇಕ್ಕಳದಲ್ಲಿ ಕಿತ್ತು ಮತ್ತೆ ನಾಲಿಗೆಗೆ ಸಿಕ್ಕಿಸಬೇಕು, ಬಾಗಿದ್ದರೆ ಹೊಸದು ಹಾಕಬೇಕು. ಕ್ಲಿಪ್ಪು ದುಬಾರಿ ವಸ್ತುವಲ್ಲ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಕಡೆ ಹಳೆಯ ಕ್ಲಿಪ್ಪು ತೋರಿಸಿದರೆ ಅದರ ಜೋಡಿಯನ್ನು ಹುಡುಕಿ ಕೊಡುತ್ತಾರೆ.

ಇನ್ನೊಂದು ಕಾರಣ ವೈರು. ಕಾರ್ಖಾನೆಯಲ್ಲಿ ವೈರಿನ ಕಟ್ಟನ್ನು ಅಲ್ಲಲ್ಲಿ ಒಡಲಿಗೆ ಸಿಕ್ಕಿಸಿ, ಪ್ಲಾಸ್ಟಿಕ್ಕಿಗೆ ತಾಗುವ ಕಡೆ ಬಟ್ಟೆಯ ಟೇಪು ಸುತ್ತಿರುತ್ತಾರೆ. ಹೊಸ ಸ್ಟಿರಿಯೊ ಹಾಕಿದವರು ಅದರ ಉದ್ದನೆಯ ವೈರಿನ ಗಂಟನ್ನು ಹಿಂದೆ ಸುಮ್ಮನೆ ತುರುಕುತ್ತಾರೆ. ಅದು ಅಲ್ಲೇ ಜೋತಾಡಿ ಬಡಿಯುತ್ತದೆ. ಒಳಗೆ ಬಿದ್ದ ಒಂದು ಸ್ಕ್ರೂ ಸಾಕು ವರ್ಷಗಟ್ಟಲೆ ಕಾಡಲು. ಇವು ಯಾವುವೂ ಪ್ಲಾಸ್ಟಿಕ್ಕಿನ ಹಣೆಬರಹವಲ್ಲ. ಒಂದೊಂದಕ್ಕೂ ಕಾರಣವಿದೆ, ಕಾರಣಕ್ಕೆ ಮದ್ದೂ ಇದೆ.

ಇನ್ನು, ಯಾರೂ ಮುಟ್ಟದ ಡ್ಯಾಶ್‌ಬೋರ್ಡೂ ಸದ್ದು ಮಾಡುತ್ತದೆ. ಬಿಸಿಗೆ ಪ್ಲಾಸ್ಟಿಕ್ಕು ಉಕ್ಕಿಗಿಂತ ಹಲವು ಪಟ್ಟು ಹೆಚ್ಚು ಹಿಗ್ಗುತ್ತದೆ. ಏಪ್ರಿಲ್ ತಿಂಗಳಲ್ಲಿ ರಾಯಚೂರಿನಲ್ಲೋ ಕಲಬುರಗಿಯಲ್ಲೋ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡಿನ ಮೇಲ್ಮೈ 70 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಎಸಿ ಹಾಕಿ ಹೊರಟರೆ ಸ್ವಲ್ಪ ಹೊತ್ತಿನಲ್ಲಿ ಅದು ಎಷ್ಟೋ ಇಳಿಯುತ್ತದೆ. ಅಷ್ಟು ಉದ್ದದ ಪ್ಲಾಸ್ಟಿಕ್ಕು ಹಿಗ್ಗಿ ಕುಗ್ಗುವಾಗ ಒಳಗಿನ ಉಕ್ಕಿನ ದೂಲ ಅದರ ಜೊತೆ ಅಷ್ಟೇ ಚಲಿಸುವುದಿಲ್ಲ. ಈ ಓಡಾಟಕ್ಕೆ ಜಾಗ ಕೊಡಲೆಂದೇ ಕೆಲವು ಸ್ಕ್ರೂ ತೂತುಗಳನ್ನು ದುಂಡಗೆ ಮಾಡದೆ ಉದ್ದಕ್ಕೆ ಕೊರೆದಿರುತ್ತಾರೆ. ಎರಡು ಪ್ಲಾಸ್ಟಿಕ್ ಅಂಚುಗಳು ಒಂದನ್ನೊಂದು ಹಿಡಿದು, ಬಿಟ್ಟು, ಮತ್ತೆ ಹಿಡಿಯುವಾಗ ಕಿರ್ ಎನ್ನುತ್ತವೆ. ಶೋರೂಮಿನಿಂದ ಬಂದು ಎರಡು ಬೇಸಿಗೆ ಕಂಡ ಕಾರುಗಳು ಈ ಸದ್ದು ಹೊರಡಿಸುವುದನ್ನು ಎಲ್ಲರೂ ಕೇಳಿದ್ದೇವೆ. ಇದಕ್ಕೆ ಇರುವ ಒಳ್ಳೆಯ ಪರಿಹಾರವೆಂದರೆ ಆ ಪ್ಯಾನೆಲ್ಲನ್ನು ತೆಗೆದು, ಅಂಚು ತಾಗುವ ಕಡೆ ತೆಳು ಫೆಲ್ಟ್ ಟೇಪು ಅಂಟಿಸಿ, ಮತ್ತೆ ಕೂರಿಸುವುದು. ಸದ್ದಾಗುತ್ತದೆಂದು ನಾವು ಮಾಡದೆ ಬಿಡುವ ಕೆಲಸವೇ ಸದ್ದಿಗೆ ಮದ್ದು.

ಮನೆಯಲ್ಲಿ ಮುಟ್ಟಬಾರದೆಂಬ ನಂಬಿಕೆಯಿಂದ ಕಾರು ಎಲ್ಲಿಗೆ ಹೋಗುತ್ತದೆ ಎಂದೂ ಕೇಳಿಕೊಳ್ಳಬೇಕು. ಬಹಳ ಸಲ ರಸ್ತೆ ಬದಿಯ ಆಕ್ಸೆಸರಿ ಅಂಗಡಿಗೆ. ಅಲ್ಲಿ ಕೆಲಸ ಮಾಡುವ ಹುಡುಗರ ಕೈಚಳಕವನ್ನು ನಾನು ಕಡಿಮೆ ಅನ್ನುವುದಿಲ್ಲ. ಆದರೆ ಸಾಲಿನಲ್ಲಿ ಇನ್ನೂ ನಾಲ್ಕು ಕಾರು ನಿಂತಿರುವಾಗ ಕ್ಲಿಪ್ಪು ಎಣಿಸುವಷ್ಟು ಬಿಡುವು ಅವರಿಗೆ ಯಾರು ಕೊಡುತ್ತಾರೆ? ಉಕ್ಕಿನ ಸ್ಕ್ರೂಡ್ರೈವರ್ ತುದಿಯಿಂದಲೇ ಮೀಟುತ್ತಾರೆ, ಅಂಚಿನಲ್ಲಿ ಗಾಯ ಉಳಿಯುತ್ತದೆ. ಸರಿಯಾದ ಕನೆಕ್ಟರ್ ಸಿಗದಿದ್ದರೆ ಕಂಪನಿಯ ವೈರನ್ನು ಕತ್ತರಿಸಿ, ತಿರುಚಿ, ಇನ್ಸುಲೇಷನ್ ಟೇಪು ಸುತ್ತುತ್ತಾರೆ. ನಮ್ಮ ಬಿಸಿಲಿಗೆ ಆ ಟೇಪಿನ ಅಂಟು ಕರಗಿ ಜಾರುತ್ತದೆ, ಬೆತ್ತಲೆ ತಾಮ್ರ ಒಳಗೆ ಉಳಿಯುತ್ತದೆ. ಕಾರಿಗೆ ಬೆಂಕಿ ಹತ್ತಲು ಇರುವ ದಾರಿಗಳಲ್ಲಿ ಇಂಥ ಗಂಟೂ ಒಂದು. ಮನೆಯಲ್ಲಿ ಕೆಲಸ ಮಾಡುವವನಿಗೆ ಹಣಕ್ಕೆ ಸಿಗದ ಒಂದು ಅನುಕೂಲವಿದೆ, ಅದು ಸಮಯ. ಪ್ಲಾಸ್ಟಿಕ್ಕಿನ ಟ್ರಿಮ್ ಟೂಲ್ ತರಿಸಿಕೊಂಡು, ಪಕ್ಕದ ಅಂಚಿಗೆ ಮಾಸ್ಕಿಂಗ್ ಟೇಪು ಹಚ್ಚಿ, ಡಿಸೆಂಬರಿನ ಮುಂಜಾನೆಯ ಬದಲು ಪ್ಲಾಸ್ಟಿಕ್ಕು ತುಸು ಮೆತ್ತಗಾಗುವ ಮಧ್ಯಾಹ್ನವನ್ನು ಆರಿಸಿಕೊಂಡು, ಒಂದೊಂದು ಹಂತಕ್ಕೂ ಫೋನಿನಲ್ಲಿ ಫೋಟೊ ತೆಗೆದುಕೊಳ್ಳುತ್ತಾ ಹೋಗಬಹುದು. ಕನೆಕ್ಟರ್ ಬಿಡದಿದ್ದರೆ ವೈರು ಹಿಡಿದು ಜಗ್ಗದೆ, ಅದನ್ನು ಮೊದಲು ಒಳಕ್ಕೊಮ್ಮೆ ಒತ್ತಿ, ಲಾಕಿನ ಮೇಲಿನ ಬಿಗಿ ಇಳಿಸಿ, ಆಮೇಲೆ ನಾಲಿಗೆ ಅದುಮಿ ಬಿಡಿಸಬಹುದು. ಎಸಿ ಗುಂಡಿಗಳ ಹಿಂದೆ ಹಳೆಯ ಕಾರುಗಳಲ್ಲಿ ವೈರಿನ ಬದಲು ತಂತಿಕೇಬಲ್ ಇರುತ್ತದೆ. ಅದು ಕೂತಿರುವ ಜಾಗಕ್ಕೆ ಗುರುತು ಹಾಕಿಕೊಳ್ಳದೆ ಬಿಚ್ಚಿದರೆ ಬಿಸಿ, ತಣ್ಣನೆ ಗಾಳಿಯ ಹೊಂದಾಣಿಕೆಯೇ ತಪ್ಪುತ್ತದೆ.

ವಾರಂಟಿಯ ಮಾತು ಹೆದರಿಸಲು ಎಲ್ಲಕ್ಕಿಂತ ಸುಲಭ. 2014ರ ಆಗಸ್ಟ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ ಒಂದು ಆದೇಶ ಹೊರಡಿಸಿತು. ಶಂಶೇರ್ ಕಟಾರಿಯಾ ಎಂಬುವರು ಹೂಡಿದ ದೂರಿನಿಂದ ಶುರುವಾದ ಆ ಪ್ರಕರಣದಲ್ಲಿ, ಬಿಡಿಭಾಗ, ರಿಪೇರಿ ಕೈಪಿಡಿ, ದೋಷ ಪತ್ತೆಯ ಉಪಕರಣಗಳನ್ನು ಹೊರಗಿನ ಗ್ಯಾರೇಜುಗಳಿಗೆ ಸಿಗದಂತೆ ಮಾಡಿದ್ದಕ್ಕೆ 14 ಕಾರು ಕಂಪನಿಗಳಿಗೆ ಒಟ್ಟು 2,544 ಕೋಟಿ ರೂಪಾಯಿಗೂ ಹೆಚ್ಚು ದಂಡ ಹಾಕಲಾಯಿತು. ದಂಡದ ವಿಷಯ ಮೇಲ್ಮನವಿಗಳಲ್ಲಿ ವರ್ಷಗಟ್ಟಲೆ ಎಳೆಯಿತು. ಆದರೆ ಆಯೋಗ ಹೇಳಿದ ತತ್ವ ಗಮನಿಸುವಂಥದ್ದು: ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಹಾಕುವಂತಿಲ್ಲ, ಆ ರಿಪೇರಿಯ ದೋಷದಿಂದ ಎಷ್ಟು ಹಾನಿಯಾಯಿತೋ ಅಷ್ಟಕ್ಕೆ ಮಾತ್ರ ವಾರಂಟಿ ನಿರಾಕರಿಸಬಹುದು. ಆ ಆದೇಶದ ಮಾತು ಹೊರಗಿನ ಗ್ಯಾರೇಜಿನ ಬಗ್ಗೆಯೇ ಹೊರತು ಮಾಲೀಕನ ಕೈಗೆಲಸದ ಬಗ್ಗೆ ಅಲ್ಲ, ಇದನ್ನು ಮುಚ್ಚಿಡುವುದು ಸರಿಯಲ್ಲ. ಆದರೂ ನ್ಯಾಯದ ತರ್ಕ ಎರಡಕ್ಕೂ ಒಂದೇ. ಗ್ಲೋವ್ ಬಾಕ್ಸ್ ತೆಗೆದವನ ಗೇರ್‌ಬಾಕ್ಸ್ ಕೆಟ್ಟರೆ ಒಂದಕ್ಕೂ ಇನ್ನೊಂದಕ್ಕೂ ಏನು ಸಂಬಂಧ? ನೀವೇ ವೈರು ಕತ್ತರಿಸಿ ಸ್ಟಿರಿಯೊ ಹಾಕಿ, ಆ ವೈರಿಂಗ್ ಸುಟ್ಟರೆ ಕಂಪನಿ ಕೈತೊಳೆದುಕೊಳ್ಳುವುದು ನ್ಯಾಯವೇ. ವೈರು ಕತ್ತರಿಸದೆ ಕನೆಕ್ಟರ್‌ನಿಂದಲೇ ಜೋಡಿಸಿ ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಮೂರನೆಯದು ಏರ್‌ಬ್ಯಾಗ್. ಇಲ್ಲಿ ನನ್ನ ದನಿ ಬದಲಾಗುತ್ತದೆ. ಇದು ಹೆದರಲೇಬೇಕಾದ ವಸ್ತು. ಅಪಘಾತದಲ್ಲಿ ಸೆಕೆಂಡಿನ ಸುಮಾರು ಮೂವತ್ತನೆಯ ಒಂದು ಭಾಗದಲ್ಲಿ ಚೀಲ ತುಂಬಿಕೊಳ್ಳಬೇಕು. ಅದಕ್ಕೆ ಒಳಗೆ ಸಿಡಿಮದ್ದಿನಂಥ ರಾಸಾಯನಿಕವೇ ಇರುತ್ತದೆ. ನಮ್ಮಲ್ಲಿ 2019ರ ಜುಲೈ 1ರಿಂದ ಚಾಲಕನ ಬದಿಗೆ, 2021ರ ಏಪ್ರಿಲ್‌ನಿಂದ ಹೊಸ ಮಾದರಿಗಳಲ್ಲಿ ಮುಂದಿನ ಸೀಟಿನ ಪ್ರಯಾಣಿಕರ ಬದಿಗೂ ಏರ್‌ಬ್ಯಾಗ್ ಕಡ್ಡಾಯವಾಗಿದೆ. ಆದ್ದರಿಂದ ಹೊಸ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಅದು ಇದ್ದೇ ಇದೆ. ಆದರೆ ಅದು ಇರುವ ಜಾಗ ಗುಟ್ಟಿನದಲ್ಲ. ಸ್ಟೇರಿಂಗಿನ ನಡುವೆ, ಪ್ರಯಾಣಿಕರ ಎದುರು ಡ್ಯಾಶ್‌ಬೋರ್ಡಿನ ಮೇಲ್ಭಾಗದಲ್ಲಿ. ಇನ್ನೋವಾ ಕ್ರಿಸ್ಟಾದಂಥ ಕೆಲವು ಕಾರುಗಳಲ್ಲಿ ಚಾಲಕನ ಮೊಣಕಾಲಿನ ಎದುರಿಗೂ. ಪರದೆಯಂಥ ಏರ್‌ಬ್ಯಾಗ್ ಇರುವ ಕಾರುಗಳಲ್ಲಿ ಮುಂಗಾಜಿನ ಪಕ್ಕದ ಕಂಬದ ಹೊದಿಕೆಯ ಹಿಂದೆ. ಇರುವ ಕಡೆಯೆಲ್ಲ ಏರ್‌ಬ್ಯಾಗ್ ಎಂಬ ಗುರುತನ್ನು ಅಚ್ಚೊತ್ತಿರುತ್ತಾರೆ, ಅದರ ಕನೆಕ್ಟರನ್ನು ಸಾಮಾನ್ಯವಾಗಿ ಹಳದಿ ಬಣ್ಣದಲ್ಲಿ ಮಾಡಿರುತ್ತಾರೆ. ಈ ಜಾಗಗಳಿಗೆ ಮನೆಯಲ್ಲಿ ಕೈ ಹಾಕಬೇಡಿ. ಉಳಿದ ಪ್ಯಾನೆಲ್ ತೆಗೆಯುವಾಗಲೂ ಮೊದಲು ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಕಾಯಬೇಕು. ಬ್ಯಾಟರಿ ತೆಗೆದ ಮೇಲೂ ಏರ್‌ಬ್ಯಾಗಿನ ಕಂಟ್ರೋಲ್ ಪೆಟ್ಟಿಗೆಯಲ್ಲಿ ಕೆಲ ಹೊತ್ತು ವಿದ್ಯುತ್ ಉಳಿದಿರುತ್ತದೆ. ಟೊಯೋಟಾ ಕೈಪಿಡಿಗಳು ಕನಿಷ್ಠ 90 ಸೆಕೆಂಡ್ ಎನ್ನುತ್ತವೆ, ಬೇರೆ ಕೆಲವು ಕಂಪನಿಗಳು ಇನ್ನೂ ಹೆಚ್ಚು. ಹತ್ತಿಪ್ಪತ್ತು ನಿಮಿಷ ಕಾದರೆ ಕಳೆದುಕೊಳ್ಳುವುದೇನೂ ಇಲ್ಲ. ಹಳದಿ ಕನೆಕ್ಟರಿಗೆ ಮಲ್ಟಿಮೀಟರ್ ಕಡ್ಡಿ ಚುಚ್ಚಲೇಬಾರದು. ಕೆಲಸ ಅರ್ಧವಾಗಿರುವಾಗ ಕೀಲಿ ತಿರುಗಿಸಿ ನೋಡುವ ಚಪಲವೂ ಬೇಡ. ಏರ್‌ಬ್ಯಾಗಿನ ದೀಪ ಹೊತ್ತಿಕೊಂಡರೆ ಅದನ್ನು ಆರಿಸಲು ಸ್ಕ್ಯಾನರ್ ಬೇಕಾಗಬಹುದು.

ಇಷ್ಟು ನಿಖರವಾಗಿ ಹೇಳಬಹುದಾದ ಅಪಾಯವನ್ನು 'ಡ್ಯಾಶ್‌ಬೋರ್ಡ್ ಮುಟ್ಟಬೇಡಿ' ಎಂಬ ಒಂದೇ ಮಾತಿಗೆ ಇಳಿಸಿದ್ದರಿಂದ ಏನಾಗಿದೆ ನೋಡಿ. ಪ್ರಯಾಣಿಕರ ಏರ್‌ಬ್ಯಾಗ್ ಹರಿದು ಹೊರಬರುವ ಮುಚ್ಚಳದ ಮೇಲೆಯೇ ಡಬಲ್ ಟೇಪಿನಿಂದ ಗಣಪತಿಯ ವಿಗ್ರಹ, ಸೆಂಟಿನ ಗಾಜಿನ ಬಾಟಲಿ, ಫೋನ್ ಸ್ಟ್ಯಾಂಡ್ ಅಂಟಿಸಿದ ಕಾರುಗಳು ಪ್ರತಿ ರಸ್ತೆಯಲ್ಲೂ ಇವೆ. ಚೀಲ ಬಿಚ್ಚಿಕೊಳ್ಳುವ ವೇಗ ಗಂಟೆಗೆ 300 ಕಿಲೋಮೀಟರ್ ಮುಟ್ಟಬಲ್ಲದು. ಅದರ ಬಾಯಿಯ ಮೇಲೆ ಕೂತ ಲೋಹ ಎದುರಿನ ಸೀಟಿನವರ ಮುಖಕ್ಕೆ ಹೋಗುತ್ತದೆ. ಆ ಸೀಟಿನಲ್ಲಿ ಅಮ್ಮ ಇರಬಹುದು, ಮಡಿಲಲ್ಲಿ ಮಗುವನ್ನು ಕೂರಿಸಿಕೊಂಡ ಹೆಂಡತಿ ಇರಬಹುದು. ದೇವರ ಮೇಲಿನ ಭಕ್ತಿಯನ್ನು ನಾನು ಪ್ರಶ್ನಿಸುತ್ತಿಲ್ಲ. ವಿಗ್ರಹಕ್ಕೆ ಬೇರೆ ಜಾಗ ಹುಡುಕಿ ಎಂದು ಕೈಮುಗಿದು ಕೇಳುತ್ತಿದ್ದೇನೆ. ಸ್ಟಿರಿಯೊ ಚೌಕಟ್ಟು ತೆಗೆಯಲು ಹೆದರುವ ನಾವು ಇದನ್ನು ಹೆದರಿಕೆಯಿಲ್ಲದೆ ಮಾಡುತ್ತಿದ್ದೇವಲ್ಲ, ಅಪಾಯ ಎಲ್ಲಿದೆ ಎಂದು ನಮಗೆ ಯಾರೂ ಹೇಳಿಕೊಟ್ಟಿಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಹೇಳಿಕೊಡಬೇಕಾದದ್ದು ಸರ್ವೀಸ್ ಮ್ಯಾನುಯಲ್. ಯಾವ ಪ್ಯಾನೆಲ್ ಮೊದಲು, ಕ್ಲಿಪ್ಪು ಎಲ್ಲೆಲ್ಲಿ, ಸ್ಕ್ರೂ ಎಷ್ಟು, ಎಷ್ಟು ಹೊತ್ತು ಕಾಯಬೇಕು, ಯಾವ ಕ್ಲಿಪ್ಪನ್ನು ಎರಡನೇ ಸಲ ಬಳಸಬಾರದು, ಎಲ್ಲವೂ ಅದರಲ್ಲಿ ಚಿತ್ರವಾಗಿ ಇರುತ್ತದೆ. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 2012ರ ನವೆಂಬರ್‌ನಲ್ಲಿ ಮತದಾರರೇ ಭಾರಿ ಬಹುಮತದಿಂದ ಒಂದು ಕಾನೂನು ತಂದರು: ಕಂಪನಿಗಳು ತಮ್ಮ ಡೀಲರುಗಳಿಗೆ ಕೊಡುವ ರಿಪೇರಿ ಮಾಹಿತಿಯನ್ನು ಹೊರಗಿನ ಗ್ಯಾರೇಜಿಗೂ ಕಾರಿನ ಮಾಲೀಕನಿಗೂ ಕೊಡಬೇಕು. ಮಾಲೀಕ ಎಂಬ ಮಾತು ಆ ಕಾನೂನಿನಲ್ಲಿದೆ ಎಂಬುದು ನನಗೆ ಮುಖ್ಯ. ಅಲ್ಲಿ ಈಗ ಕೆಲವು ದಿನಗಳ ಚಂದಾ ಕಟ್ಟಿ ತನ್ನ ಕಾರಿನ ಮ್ಯಾನುಯಲ್ಲನ್ನು ಓದಿಕೊಳ್ಳಬಹುದು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈಯಲ್ಲಿ ರಿಪೇರಿ ಹಕ್ಕಿನ ಬಗ್ಗೆ ಸಮಿತಿ ಮಾಡಿ, ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ತೆರೆಯಿತು. ವಾಹನಗಳೂ ಅದರ ವ್ಯಾಪ್ತಿಯಲ್ಲಿವೆ. ಹೆಜ್ಜೆ ಒಳ್ಳೆಯದು, ಆದರೆ ಸಾಲದು. ಕಾರಿಗೆ ಹತ್ತು ಲಕ್ಷ ಕೊಟ್ಟವನಿಗೆ ಅದರ ಪ್ಯಾನೆಲ್ಲುಗಳ ನಕ್ಷೆ ಕೇಳುವ ಹಕ್ಕು ಕಾನೂನಿನಿಂದಲೇ ಸಿಗಬೇಕು. ಈ ನಕ್ಷೆ ಬಂದರೆ ಬೀದಿ ಬದಿಯ ಮೆಕ್ಯಾನಿಕ್ಕಿನ ಹೊಟ್ಟೆಪಾಡಿಗೆ ಕುತ್ತು ಎನ್ನುವವರಿದ್ದಾರೆ. ಅದು ಉಲ್ಟಾ. ಇವತ್ತು ಊಹೆಯ ಮೇಲೆ ಕೆಲಸ ಮಾಡುತ್ತಿರುವವನು ಅವನೇ, ಪ್ಯಾನೆಲ್ ಮುರಿದರೆ ಕೈಯಿಂದ ದುಡ್ಡು ಕಟ್ಟುವವನೂ ಅವನೇ. ಎಲ್ಲರಿಗಿಂತ ಮೊದಲು ಆ ನಕ್ಷೆ ತಲುಪಬೇಕಾದದ್ದು ಅವನ ಕೈಗೆ.

ಮಂಡ್ಯದ ಗದ್ದೆಯಲ್ಲಿ ಮೂರು ಫೇಸಿನ ಪಂಪ್‌ಸೆಟ್ಟಿನ ಸ್ಟಾರ್ಟರ್ ಬಿಚ್ಚಿ ಜೋಡಿಸುವ ರೈತನಿಗೆ, ಪ್ಲಾಸ್ಟಿಕ್ ಪ್ಯಾನೆಲ್ ನಿನ್ನ ಕೈಲಾಗದು ಎಂದು ಹೇಳುವ ಧೈರ್ಯ ನಮಗೆ ಎಲ್ಲಿಂದ ಬಂತು ಎಂದು ನಾನು ಆಗಾಗ ಯೋಚಿಸುತ್ತೇನೆ. ಆ ಕೆಲಸಕ್ಕೆ ಹೋಲಿಸಿದರೆ 12 ವೋಲ್ಟಿನ ಕಾರಿನ ಸ್ಟಿರಿಯೊ ಚೌಕಟ್ಟು ಬಹಳ ಸಣ್ಣದು.

ಮುಟ್ಟಬಾರದೆಂಬುದರ ಎದುರು ತುದಿಯ ನಂಬಿಕೆಯನ್ನೂ ನಾನು ಒಪ್ಪುವುದಿಲ್ಲ. ಹಿಡಿದು ಎಳೆ, ಬಂದುಬಿಡುತ್ತದೆ ಎಂದು ಎರಡು ನಿಮಿಷದ ವಿಡಿಯೊಗಳು ತೋರಿಸುತ್ತವೆ. ಅವುಗಳಲ್ಲಿ ಬ್ಯಾಟರಿ ಬಿಚ್ಚುವುದು ಕಾಣುವುದಿಲ್ಲ, ಕ್ಲಿಪ್ಪು ಎಣಿಸುವುದು ಕಾಣುವುದಿಲ್ಲ, ಮತ್ತೆ ಜೋಡಿಸುವ ಭಾಗ ಇರುವುದೇ ಅಪರೂಪ. ನಿಮ್ಮದೇ ಮಾದರಿ, ನಿಮ್ಮದೇ ವರ್ಷದ ಕಾರನ್ನು ಪೂರ್ತಿ ಬಿಚ್ಚಿ ಪೂರ್ತಿ ಜೋಡಿಸಿದ್ದು ಸಿಕ್ಕರೆ ಮಾತ್ರ ಅಂಥದ್ದನ್ನು ನಂಬಬೇಕು.

ಮನೆಯ ಕೆಲಸಕ್ಕೆ ಗಡಿಯೂ ಇದೆ. ಎಸಿಯ ಕೂಲಿಂಗ್ ಕಾಯಿಲ್ ಅನೇಕ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಒಡಲಿನ ಹಿಂದೆ, ಎಂಜಿನ್ ಕಡೆಯ ಗೋಡೆಗೆ ಅಂಟಿದಂತೆ ಕೂತಿರುತ್ತದೆ. ಅದು ಸೋರಿದರೆ ಇಡೀ ಒಡಲು ಇಳಿಯಬೇಕು, ಸ್ಟೇರಿಂಗ್ ಕಂಬ ಕೆಳಗಿಳಿಯಬೇಕು, ಪ್ರಯಾಣಿಕರ ಏರ್‌ಬ್ಯಾಗ್ ಹೊರಬರಬೇಕು, ಗ್ಯಾಸನ್ನು ಯಂತ್ರದಿಂದ ಎಳೆದುಕೊಳ್ಳಬೇಕು. ಅದು ಗ್ಯಾರೇಜಿನ ಕೆಲಸ, ಒಳ್ಳೆಯ ಗ್ಯಾರೇಜಿನ ಕೆಲಸ. ಕಾರು ಬಿಡುವ ಮೊದಲು ಅವರಿಗೆ ಎರಡು ಮಾತು ಕೇಳಿ: ಮ್ಯಾನುಯಲ್ಲಿನಲ್ಲಿ ಮತ್ತೆ ಬಳಸಬಾರದೆಂದು ಬರೆದಿರುವ ಬೋಲ್ಟು, ಕ್ಲಿಪ್ಪುಗಳಿಗೆ ಹೊಸವನ್ನು ಹಾಕುತ್ತೀರಾ? ಅವುಗಳ ಬೆಲೆಯನ್ನು ಜಾಬ್ ಕಾರ್ಡಿನಲ್ಲಿ ಬೇರೆಯಾಗಿ ಬರೆಯುತ್ತೀರಾ? ಎರಡಕ್ಕೂ ಹೌದು ಎಂದವರಿಗೆ ಕೀಲಿ ಕೊಡಿ.